ಮೇಷ್ಟ್ರ ಮನೆಯ ಹುಲ್ಲು

ನಮ್ಮೂರಿನಲ್ಲಿ ಗುದ್ದಲಿ ಹಿಡಿದು ನಿಂತವನನ್ನು ಯಾರೂ ಸುಮ್ಮನೆ ನೋಡಿಕೊಂಡು ಹೋಗುವುದಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಮಣ್ಣು ಅಂಥದ್ದು, ಅರಸರ ಕಾಲದ ನಿಧಿ ಹೂತಿದೆ ಎಂದು ಎಲ್ಲರೂ ನಂಬುವಂಥದ್ದು. ಬಚ್ಚಲ ನೀರಿಗೆ ಗುಂಡಿ ತೋಡಿದರೂ, ಬಾಳೆಕಂದು ನೆಡಲು ಒಂದು ಮೊಳ ಅಗೆದರೂ ದಾರಿಹೋಕರು ಹೆಜ್ಜೆ ನಿಧಾನ ಮಾಡುತ್ತಾರೆ. ಏನಾದರೂ ಸಿಕ್ಕಿತೇ ಎಂದು ನಗುತ್ತಲೇ ಕೇಳುತ್ತಾರೆ, ಕಣ್ಣು ಮಾತ್ರ ಗುಂಡಿಯೊಳಗೇ ಇರುತ್ತದೆ. ಹೋದ ತಿಂಗಳು ನಮ್ಮ ಮನೆಯ ಮುಂದೆ ನಲ್ಲಿಯ ಪೈಪು ಒಡೆದು ಅಗೆಸಿದೆ. ಮೊಬೈಲಿನಲ್ಲಿ ಜೋರಾಗಿ ಮಾತಾಡುತ್ತ ಹೋಗುತ್ತಿದ್ದವನೊಬ್ಬ ಮಾತು ನಿಲ್ಲಿಸಿ, ಇಣುಕಿ ನೋಡಿ, ಮತ್ತೆ ಮಾತು ಮುಂದುವರಿಸಿಕೊಂಡು ಹೋದ. ನನಗೆ ಸಿಟ್ಟು ಬರಲಿಲ್ಲ. ನನ್ನ ಬಾಲ್ಯದ ಒಂದು ವರ್ಷ ಪೂರ್ತಿ ಅಂಥ ನೋಟದ ಕೆಳಗೇ ಕಳೆದಿತ್ತು. ಹೊರಗಿನವರದು ಮಾತ್ರವಾಗಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಆ ವರ್ಷ ಅದು ನಮ್ಮ ಅಡುಗೆಮನೆಯವರೆಗೂ ಬಂದಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದರು. ಹುಟ್ಟಿದ್ದು ಅರಕೆರೆಯಲ್ಲಿ, ನಾಲೆಯ ನೀರು ಕುಡಿಯುವ ಭತ್ತ ಕಬ್ಬಿನ ನಡುವೆ. ಕೆಲಸ ಸಿಕ್ಕಿದ ಮೇಲೆ ಗದ್ದೆಯನ್ನು ತಮ್ಮನಿಗೆ ಬಿಟ್ಟು, ಕೋಟೆಯೊಳಗೆ ಹಳೆಯದೊಂದು ಹೆಂಚಿನ ಮನೆ ಕೊಂಡು ಬಂದರು. ಆ ಮನೆಯಲ್ಲಿ ನಾವು ನಾಲ್ವರು: ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ಮತ್ತು ನಾನು. ಮುಂದೆ ಜಗಲಿ, ಅದರಾಚೆ ನಡುಮನೆ, ಅಜ್ಜಿಯ ಮಂಚವಿದ್ದ ಕತ್ತಲೆ ಕೋಣೆ, ಹೊಗೆ ಹಿಡಿದ ಅಡುಗೆಮನೆ. ಹಿತ್ತಲಲ್ಲಿ ಬಾವಿ, ನುಗ್ಗೆ, ಕರಿಬೇವು, ಅವ್ವನ ಕನಕಾಂಬರದ ಸಾಲು. ಮುಂದಿನ ಅಂಗಳ ಮಾತ್ರ ಬೋಳು. ಗೇಟಿನ ಪಕ್ಕ ಒಂದು ಪಾರಿಜಾತ ಬಿಟ್ಟರೆ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಒಮ್ಮೆ ಅಪ್ಪ ಶಾಲೆಯ ಮಕ್ಕಳನ್ನು ಕೆ.ಆರ್.ಎಸ್.ಗೆ ಕರೆದುಕೊಂಡು ಹೋದಾಗ ಅಲ್ಲಿನ ಹುಲ್ಲಿನ ಮೇಲೆ ಅಂಗಾತ ಮಲಗಿದ್ದರಂತೆ. ಕಾವಲಿನವನು ಸೀಟಿ ಊದಿ ಎಬ್ಬಿಸಿದ. ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಅಂಗಳದ ಉದ್ದಗಲ ನಡೆದು ನೋಡಿದರು.

“ಇಲ್ಲೊಂದು ಲಾನು ಮಾಡ್ಬೇಕು ಜಯ. ನಮ್ಮ ಹುಲ್ಲಿನ ಮೇಲೆ ನಾವು ಮಲಗಿದ್ರೆ ಯಾರು ಸೀಟಿ ಊದ್ತಾರೆ?”

ಅವ್ವ ನಕ್ಕಳು. ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ನಗಲಿಲ್ಲ.

“ದನ ಮೇಯ್ದೆ ಇರೋ ಉಲ್ಲು ಯಾತುಕ್ಲಾ?”

ಮೊದಲ ಮಳೆಗಾಲದಲ್ಲಿ ನೆಟ್ಟ ಗರಿಕೆ ದಸರೆಯ ಹೊತ್ತಿಗೆ ಕೆಂಪಗೆ ಸುಟ್ಟುಹೋಯಿತು. ಅಪ್ಪ ಹಾರೆ ಹಾಕಿ ನೋಡಿದರೆ ಒಂದು ಗೇಣು ಮಣ್ಣಿನ ಕೆಳಗೆ ಬರೀ ಗಾರೆ, ಇಟ್ಟಿಗೆ ಚೂರು, ಹೆಂಚಿನ ಒಡಕು. ಯಾವ ಕಾಲದಲ್ಲೋ ಬಿದ್ದುಹೋದ ಗೋಡೆಗಳ ಮೇಲೆ ನಮ್ಮ ಅಂಗಳ ಕೂತಿತ್ತು. ಅದನ್ನೆಲ್ಲ ಎತ್ತಿಹಾಕಿ ಹೊಸ ಮಣ್ಣು ತುಂಬದೆ ಬೇರು ಇಳಿಯುವುದಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಬೇಸಿಗೆ ರಜೆ ಬಂತು. ಅವ್ವ ನನ್ನನ್ನು ಕರೆದುಕೊಂಡು ತವರೂರಾದ ಸಿಂಧಘಟ್ಟಕ್ಕೆ ಹೋದಳು. ಅಪ್ಪ ಬಿಸಿಲಿಗೆ ಅಡ್ಡವಾಗಿ ಅಂಗಳದ ಸುತ್ತ ತೆಂಗಿನ ಗರಿಯ ತಡಿಕೆ ಕಟ್ಟಿಕೊಂಡು, ದಿನಾ ಬೆಳಗ್ಗೆ ತಾವೇ ಅಗೆಯಲು ಶುರುಮಾಡಿದರು. ಕೂಲಿಯವರನ್ನು ಕರೆಯಲಿಲ್ಲ. ಅಗೆಯುವುದು ಅವರಿಗೆ ಇಷ್ಟ, ರೈತನ ಮಗ. ಆದರೆ ಹೊರಗಿನಿಂದ ನೋಡುವವರಿಗೆ ಕಂಡದ್ದು ಬೇರೆ. ಹೆಂಡತಿ ಮಗಳನ್ನು ಊರಿಗೆ ಕಳಿಸಿ, ತಡಿಕೆ ಕಟ್ಟಿ, ಆಳನ್ನೂ ಕರೆಯದೆ ಒಬ್ಬರೇ ಅಗೆಯುತ್ತಿರುವ ಮೇಷ್ಟ್ರು.

ಆ ದಿನಗಳಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಮೂವರ ಬಾಯಿಂದ ಕೇಳಿದ್ದೇನೆ. ಪಕ್ಕದ ಮನೆಯ ರುಕ್ಮಿಣಮ್ಮನವರು, ಅವರ ಯಜಮಾನರು ದೇವಸ್ಥಾನದ ಸೇವೆಯಲ್ಲಿದ್ದರು, ತಾರಸಿಯ ಮೇಲೆ ಸಂಡಿಗೆ ಒಣಗಿಸುವಾಗ ನಮ್ಮ ಗುಂಡಿಯಲ್ಲಿ ಒಂದು ಗಡಿಗೆಯ ಬಾಯಿ ಕಂಡರಂತೆ. ಕೈ ತೊಳೆದು, ಕೆಳಗಿಳಿದು, ನಮ್ಮ ಗೇಟಿನ ಹತ್ತಿರ ಬರುವಷ್ಟರಲ್ಲಿ ಗಡಿಗೆ ಇರಲಿಲ್ಲ. ಅಪ್ಪ ಹೇಳಿದ್ದು ಇಷ್ಟು: ಹಳೆಯ ಮಣ್ಣಿನ ಗಡಿಗೆ, ಒಳಗೆ ಬೂದಿ ಮತ್ತು ಸುಣ್ಣ, ಹಾರೆ ತಗುಲಿ ಒಡೆದುಹೋಯಿತು, ಚೂರುಗಳನ್ನು ಕಲ್ಲುಮಣ್ಣಿನ ಜೊತೆ ಗಾಡಿಗೆ ಹಾಕಿದೆ. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅವಳು ಕೋಣೆಯಲ್ಲಿ ಮಲಗಿದ್ದವಳು ಎದ್ದು ಕೂತಳಂತೆ.

“ಟಣ್ ಅಂತು ಕಣವ್ವ,” ಎಂದು ನಾವು ಊರಿಂದ ಬಂದ ದಿನವೇ ಅವ್ವನಿಗೆ ಪಿಸುಮಾತಿನಲ್ಲಿ ಹೇಳಿದಳು. “ಮಡಕೆ ಆದ್ರೆ ಟಪ್ ಅನ್ಬೇಕು. ಟಣ್ ಅಂದ್ರೆ ತಾಮ್ರ.”

ಮುಂಗಾರು ಹಿಡಿದ ಮೇಲೆ ಚಿಕ್ಕಪ್ಪ ಅರಕೆರೆಯಿಂದ ಎತ್ತಿನ ಗಾಡಿಯಲ್ಲಿ ಕೆರೆಯ ಗೋಡುಮಣ್ಣು ತಂದು ಸುರಿದ. ಕಪ್ಪಗೆ, ಬೆಣ್ಣೆಯ ಹಾಗೆ ಜಾರುವ ಮಣ್ಣು. ಚಿಕ್ಕಪ್ಪನ ಹೆಸರು ನಿಂಗಣ್ಣ. ಅಪ್ಪನಿಗಿಂತ ಎತ್ತರ, ಮಾತು ಜೋರು, ಬಂದರೆ ಮನೆ ತುಂಬಿದ ಹಾಗಿರುತ್ತಿತ್ತು. ಅಣ್ಣತಮ್ಮ ಇಬ್ಬರೂ ಸೊಂಟಕ್ಕೆ ಟವಲು ಬಿಗಿದು ಸೋನೆಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಗರಿಕೆಯ ಬೇರನ್ನು ನಾಟಿಯ ಹಾಗೆ ಸಾಲು ಹಿಡಿದು ಊರಿದರು. ನಾನು ಬುಟ್ಟಿಯಿಂದ ಬೇರು ಎತ್ತಿ ಕೊಡುತ್ತಿದ್ದೆ. ಚಿಕ್ಕಪ್ಪ ನಾಟಿ ಹಾಕುವ ಹೆಂಗಸರನ್ನು ಅಣಕಿಸಿ ಪದ ಹೇಳಿದ. ಅವ್ವ ಬಿಸಿಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು ಮಾಡಿ ಜಗಲಿಗೇ ತಂದಿಟ್ಟಳು. ಕೈಯ ಕೆಸರು ಪೂರ್ತಿ ಹೋಗುವ ಮೊದಲೇ ಇಬ್ಬರೂ ಉಂಡರು. ಅಣ್ಣತಮ್ಮ ಹೀಗೆ ಒಂದೇ ಕಡೆ ಕೂತು ನಗುತ್ತ ಉಂಡದ್ದನ್ನು ನಾನು ಕಂಡದ್ದು ಅದೇ ಕೊನೆ.

ಈ ಸಲ ಹುಲ್ಲು ಹಿಡಿಯಿತು. ಆಷಾಢದ ಗಾಳಿಗೆ ಬೇರು ಬಿಟ್ಟು, ಶ್ರಾವಣದಲ್ಲಿ ಒಂದಕ್ಕೊಂದು ಹೆಣೆದುಕೊಂಡು, ಗೌರಿ ಹಬ್ಬಕ್ಕೆ ಅಂಗಳ ಪೂರ್ತಿ ಹಸಿರಾಯಿತು. ಅಪ್ಪ ಬೆಳಗ್ಗೆ ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ಆಮೇಲೆ ಮಂಡಿಯೂರಿ ಜೇಕಿನ ಗಡ್ಡೆ ಕೀಳುತ್ತಿದ್ದರು. ಜೇಕು ಹಟಮಾರಿ ಕಳೆ, ಮೇಲೆ ಕಿತ್ತರೆ ಸಾಲದು, ಬೆರಳು ಇಳಿಸಿ ಬುಡದ ಗಡ್ಡೆ ತೆಗೆಯಬೇಕು. ಚಿಕ್ಕಪ್ಪ ಸಂತೆಗೆ ಬಂದಾಗಲೆಲ್ಲ ಕುಡುಗೋಲಿನಲ್ಲಿ ಹುಲ್ಲು ಸವರಿ ಚೀಲಕ್ಕೆ ತುಂಬಿಕೊಂಡು, ತನ್ನ ಹಸುವಿಗೆಂದು ಅರಕೆರೆಯ ಬಸ್ಸಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದ. ಅಪ್ಪ ಬೆಳಗ್ಗೆ ನೆಲದಲ್ಲಿ ಬೆರಳಾಡಿಸುವುದು, ಚಿಕ್ಕಪ್ಪ ಚೀಲ ಹೊತ್ತುಕೊಂಡು ಹೋಗುವುದು, ಎರಡನ್ನೂ ಬೀದಿ ನೋಡುತ್ತಿತ್ತು.

ಗೌರಿ ಹಬ್ಬದ ಬಾಗಿನ ಕೊಡಲು ಬಂದ ರುಕ್ಮಿಣಮ್ಮನವರು ಅವ್ವನ ಕಿವಿಯನ್ನೇ ನೋಡಿದರು. ಅವ್ವ ತನ್ನ ಮುರಿದ ಬಳೆಯನ್ನು ಕರಗಿಸಿ ಓಲೆ ಮಾಡಿಸಿಕೊಂಡಿದ್ದಳು.

“ಹೊಸಾ ಓಲೆ ಏನ್ರೀ ಜಯಮ್ಮ?”

“ಹಳೇ ಬಳೆ ಕರಗಿಸ್ದೆ ರುಕ್ಮಿಣಮ್ಮೋರೆ. ನಮ್ಮವ್ವ ಮದುವೇಲಿ ಹಾಕಿದ್ದು.”

“ಹಳೇ ಚಿನ್ನ ಅನ್ನೋದು ಗೊತ್ತಾಗತ್ತೆ ಬಿಡಿ. ಈಗಿನ ಚಿನ್ನಕ್ಕೆ ಈ ಕೆಂಪೆಲ್ಲಿ ಬರ್ಬೇಕು,” ಎಂದು ಅವರು ಅರಿಶಿನ ಕುಂಕುಮ ತೆಗೆದುಕೊಂಡು ಹೋದರು.

ಅವ್ವ ಬಾಗಿಲಲ್ಲಿ ನಿಂತೇ ಇದ್ದಳು. ಮಾರನೆಯ ದಿನದಿಂದ ಆ ಓಲೆ ಹಾಕಿಕೊಳ್ಳಲಿಲ್ಲ. ಆಮೇಲೆ ಒಂದೊಂದೇ ಶುರುವಾಯಿತು. ಮಾಗಿಯಲ್ಲಿ ಅಪ್ಪ ಹುಲ್ಲಿನ ಅಂಚಿಗೆ ಸೇವಂತಿಗೆ, ಡೇರೆ ಹೂ ಹಾಕಿದ್ದರು. ಡೇರೆ ಹೂ ತಟ್ಟೆಯಷ್ಟಗಲ ಅರಳಿದಾಗ ಪೊಲೀಸಿನವರೊಬ್ಬರು ಗಿಡ ನೋಡಲು ಬಂದರು. ಹೂವನ್ನು ಹೊಗಳಿದರು, ಕಾಫಿ ಕುಡಿದರು, ಹೋಗುವ ಮೊದಲು ಬೂಟಿನ ಹಿಮ್ಮಡಿಯಿಂದ ಹುಲ್ಲನ್ನು ಅಲ್ಲಲ್ಲಿ ಒತ್ತಿ ನೋಡಿದರು. ಮಳೆಗಾಲದಲ್ಲಿ ಸೋರಿದ ಹೆಂಚನ್ನು ಅಪ್ಪ ಕೈಯಾಡಿಸಿ ಸರಿಮಾಡಿದರೆ, ಮೇಷ್ಟ್ರು ಮನೆ ರಿಪೇರಿ ಮಾಡಿಸುತ್ತಿದ್ದಾರೆ ಎಂದಾಯಿತು. ಮಾಡಿಸದೆ ಬಿಟ್ಟರೆ, ಇದ್ದೂ ಇಲ್ಲದವರ ಹಾಗೆ ನಟಿಸುತ್ತಾರೆ ಎಂದಾಯಿತು. ಸ್ಟಾಫ್ ರೂಮಿನಲ್ಲಿ ತಾವು ಒಳಗೆ ಹೋದರೆ ಮಾತು ನಿಲ್ಲುತ್ತದೆ ಎಂದು ಅಪ್ಪ ಒಂದು ದಿನ ಊಟದ ಮಧ್ಯೆ ಹೇಳಿದರು. ಅವ್ವ ಸಾರು ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೇಳಿದಳು.

“ಬೇರೆಯವ್ರು ಬುಡಿ. ನನ್ ತಾವ ಮುಚ್ಚಿಡೋವಂಥದ್ದು ಏನೂ ಇಲ್ಲ ತಾನೆ?”

ಅಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದರು. ಮುದ್ದೆ ಅರ್ಧ ಹಾಗೇ ಇತ್ತು. ಉತ್ತರ ಕೊಟ್ಟಿದ್ದರೆ ಅವ್ವ ನಂಬುತ್ತಿದ್ದಳೋ ಏನೋ. ಕೊಡದೆ ಎದ್ದದ್ದರಿಂದ ಅವಳ ಅನುಮಾನ ಬೇರು ಬಿಟ್ಟಿತು. ಅಪ್ಪ ಶಾಲೆಗೆ ಹೋದ ಮೇಲೆ ಅವಳು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ ತೊಳೆಯುವ ನೆಪದಲ್ಲಿ ಒಂದೊಂದರ ಒಳಗೂ ಕೈ ಹಾಕಿ ನೋಡುವುದನ್ನು ನಾನು ಕಂಡೆ. ನನ್ನನ್ನು ಕಂಡು ಬೆಚ್ಚಿದಳು. ಆಗ ನನಗೂ ಆಸೆ ಹುಟ್ಟಿತು, ಭಯವೂ ಹುಟ್ಟಿತು. ಮುರಿದ ಕೊಡೆಯ ಕಡ್ಡಿಯೊಂದನ್ನು ಹಿಡಿದು, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ, ಹುಲ್ಲಿಗೆ ಚುಚ್ಚಿ ಚುಚ್ಚಿ ನೋಡಿದೆ. ಟಣ್ ಎನ್ನುತ್ತದೇನೋ ಎಂದು ಕಿವಿಯನ್ನು ನೆಲಕ್ಕೆ ಹಚ್ಚಿದೆ. ತಲೆಯೆತ್ತಿದರೆ ಶಾಲೆಯಿಂದ ಬೇಗ ಬಂದ ಅಪ್ಪ ಗೇಟಿನಲ್ಲಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು, ಅದಕ್ಕಂಟಿದ ಮಣ್ಣನ್ನು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ನನ್ನ ಕೈಗೇ ಕೊಟ್ಟು ಒಳಗೆ ಹೋದರು.

ಅರಕೆರೆಯಲ್ಲಿ ಜನ ಚಿಕ್ಕಪ್ಪನಿಗೆ ಏನು ಹೇಳುತ್ತಿದ್ದರು ಎಂಬುದು ನಮಗೆ ಆಮೇಲೆ ಗೊತ್ತಾಯಿತು. ನಿಮ್ಮಣ್ಣ ನಿಂಗೆ ಉಲ್ಲು ಕೊಟ್ಟು ಕಳುಸ್ತಾವ್ನೆ, ಗಡಿಗೆ ತಾನು ಮಡಿಕ್ಕಂಡವ್ನೆ, ಎಂದು ಚಾವಡಿಯಲ್ಲಿ ನಗುತ್ತಿದ್ದರಂತೆ. ಅವನು ಮೊದಮೊದಲು ಜಗಳಕ್ಕೇ ಹೋದ. ಆಮೇಲೆ ಸುಮ್ಮನಾದ. ಸಂಕ್ರಾಂತಿಯ ನಂತರ ಸಂತೆಗೆ ಬಂದರೂ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು, ಬಂದರೆ ಅಜ್ಜಿಯ ಕೋಣೆಯಲ್ಲೇ ಕೂರುತ್ತಿದ್ದ. ಬಾಗಿಲಾಚೆಯಿಂದ ಗುಸುಗುಸು ಕೇಳುತ್ತಿತ್ತು. ನಾನು ಹತ್ತಿರ ಹೋದರೆ ಅಜ್ಜಿ ಎಲೆಅಡಿಕೆಯ ಚೀಲವನ್ನು ಕೊಡವುತ್ತ ಬೇರೆ ಮಾತು ಎತ್ತುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಹುಲ್ಲಿನ ತುದಿ ಕಂದತೊಡಗಿದಾಗ ಅಪ್ಪ ಬಾವಿಯಿಂದ ಸೇದಿ ಸೇದಿ ಹಾಕಿ ಅದನ್ನು ಉಳಿಸಿಕೊಂಡಿದ್ದರು. ಯುಗಾದಿಯಾದ ಮೇಲೆ ನಾಗಮಂಗಲದಲ್ಲಿ ಅವ್ವನ ಕಡೆಯ ಒಂದು ಮದುವೆ ಬಂತು. ಅಜ್ಜಿಗೆ ಬಸ್ಸು ಆಗುವುದಿಲ್ಲ. ಅವಳ ಜೊತೆಗೂ ಆಯಿತು, ಹುಲ್ಲಿಗೆ ನೀರು ಹಾಕಲೂ ಆಯಿತು ಎಂದು ಅಪ್ಪ ಚಿಕ್ಕಪ್ಪನಿಗೆ ಹೇಳಿಕಳಿಸಿದರು. ಅವನು ಬಂದ. ನಾವು ಮದುವೆಯ ಹಿಂದಿನ ದಿನವೇ ಹೊರಟೆವು, ಮುಹೂರ್ತ ಮುಗಿಸಿ ಅದರ ಮಾರನೆಯ ದಿನ ಬರುವುದೆಂದು. ಆದರೆ ಪಾಂಡವಪುರದ ಕಡೆಗೆ ಹೊರಟಿದ್ದ ಗಂಡಿನ ಮನೆಯವರ ವ್ಯಾನಿನಲ್ಲಿ ಜಾಗವಿತ್ತು. ಅಲ್ಲಿಂದ ಬಸ್ಸು ಹಿಡಿದು ಮದುವೆಯ ದಿನ ಮಧ್ಯಾಹ್ನವೇ ಊರು ಸೇರಿದೆವು. ನಮ್ಮ ಬೀದಿಯ ತಿರುವಿನಲ್ಲೇ ಅವ್ವ ನಿಂತುಬಿಟ್ಟಳು. ನಮ್ಮ ಕಾಂಪೌಂಡಿನ ಉದ್ದಕ್ಕೂ ಜನ. ನಮ್ಮನ್ನು ಕಂಡು ದಾರಿ ಬಿಟ್ಟರು, ಯಾರೂ ಮಾತಾಡಲಿಲ್ಲ. ಯಾರೋ ಸತ್ತಿದ್ದಾರೆ, ಅಜ್ಜಿ ಇರಬೇಕು, ಎಂದುಕೊಂಡು ನಾನು ಅಳತೊಡಗಿದೆ.

ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಅಂಗಳದಲ್ಲಿ ಹುಲ್ಲಿರಲಿಲ್ಲ. ಕಪ್ಪು ಮಣ್ಣಿನ ಗುಡ್ಡೆ, ಅದರ ಪಕ್ಕ ಬಿಳಿಯ ಗಾರೆಯ ಗುಡ್ಡೆ, ನಡುವೆ ಗುಂಡಿ. ಗುಂಡಿಯಲ್ಲಿ ಎದೆಯವರೆಗೆ ಇಳಿದು ಚಿಕ್ಕಪ್ಪ ನಿಂತಿದ್ದ. ಮೈಯೆಲ್ಲ ಸುಣ್ಣದ ಪುಡಿ. ಅಪ್ಪನನ್ನು ಕಂಡು ಹಾರೆಯನ್ನು ಗುಂಡಿಯ ಗೋಡೆಗೆ ಒರಗಿಸಿದ.

“ಅವ್ನ ಯಾಕ್ ನೋಡೀಯೆ, ನನ್ನ ನೋಡು,” ಎಂದಳು ಅಜ್ಜಿ. “ನಾನೇ ಅಗಿ ಅಂದೆ. ನಂಗೆ ಇಬ್ರೂ ಮಕ್ಳೇಯ. ಸಿಕ್ಕಿದ್ದು ಇಬ್ರುಗೂ ಸೇರ್ಬೇಕು.”

ಅಪ್ಪ ಗುಂಡಿಯ ಅಂಚಿಗೆ ಹೋಗಿ ಬಾಗಿದರು. ತಮ್ಮನನ್ನು ಎಳೆದು ಹೊಡೆಯುತ್ತಾರೆ ಎಂದು ಅವ್ವ ನನ್ನ ಕೈ ಹಿಡಿದುಕೊಂಡಳು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಗುಂಡಿಯ ತಳವನ್ನು ನೋಡುತ್ತಿದ್ದರು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಣ್ಣು ಹಾಯಿಸಿ, ಗೋಡೆಗಂಟಿದ ಇಟ್ಟಿಗೆಗಳ ಸಂದಿಯನ್ನೂ ಬಿಡದೆ ನೋಡುತ್ತಿದ್ದರು. ತಾವು ಅಗೆದದ್ದಕ್ಕಿಂತ ಆಳಕ್ಕೆ ತಮ್ಮ ಇಳಿದಿದ್ದ. ಅಲ್ಲಿ ಏನಾದರೂ ಇತ್ತೇ ಎಂದು ಅವರೂ ಹುಡುಕುತ್ತಿದ್ದರು. ಆ ಒಂದು ವರ್ಷ ಬೀದಿಯವರೆಲ್ಲ ಅವರನ್ನು ನೋಡಿದ ಹಾಗೆಯೇ ಅವರು ನೋಡುತ್ತಿದ್ದರು. ಆಮೇಲೆ ಅವರ ಕಣ್ಣು ಪಾರಿಜಾತದ ನೆರಳಿಗೆ ಹೋಯಿತು. ಅಲ್ಲಿ ಒಂದರ ಪಕ್ಕ ಒಂದು ಗೋಣಿಚೀಲಗಳು, ಬಾಯಿ ಕಟ್ಟಿ ಇಟ್ಟವು, ತುಂಬಿ ಉಬ್ಬಿದ್ದವು.

“ಚೀಲ್ದಲ್ಲಿ ಏನ್ಲಾ ಅದು?”

“ಅಣ್ಣಾ…”

“ಬಿಚ್ಚು.”

ಕಾಂಪೌಂಡಿನ ಆಚೆ ಜನ ಇನ್ನೂ ಹತ್ತಿರ ಒತ್ತಿಕೊಂಡರು. ಚಿಕ್ಕಪ್ಪ ಗುಂಡಿಯಿಂದ ಮೇಲೆ ಬಂದ. ಗಂಟು ಬಿಚ್ಚಲು ಆಗದೆ ಹಲ್ಲಿನಿಂದ ಎಳೆದ. ಚೀಲದ ಬಾಯಿ ತೆರೆದು ಅಪ್ಪನ ಕಾಲ ಬಳಿ ಸುರಿದ. ಹುಲ್ಲು. ಅಂಗೈ ಅಗಲದ ಹೆಂಟೆಗಳಾಗಿ ಕತ್ತರಿಸಿ, ಬೇರಿಗೆ ಬೇರು ತಾಗುವ ಹಾಗೆ ಜೋಡಿಸಿ, ನೀರು ಚಿಮುಕಿಸಿ ಇಟ್ಟ ನಮ್ಮ ಅಂಗಳದ ಹುಲ್ಲು. ಒಂದು ಎಸಳೂ ಬಾಡಿರಲಿಲ್ಲ.

“ಬಿಸ್ಲಿಗೆ ಸತ್ತೋಯ್ತದೆ ಅಂತ ನೆನ್ಸಿ ಮಡುಗಿದ್ದೆ,” ಎಂದ. “ನೀವು ಬರೋ ಒತ್ಗೆ ತಿರುಗಾ ಆಕ್ಬುಡಾನ ಅಂತ.”

ಅಪ್ಪ ಆ ಹುಲ್ಲನ್ನು ನೋಡುತ್ತ ನಿಂತರು. ಏನೋ ಹೇಳಲು ಬಾಯಿ ತೆರೆದರು. ಚಿಕ್ಕಪ್ಪ ಕೈಯೆತ್ತಿ ತಡೆದ.

“ನಾನು ನಿನ್ ನೆಲ ಅಗ್ದೆ ಕನಣ್ಣ. ಅದು ತಪ್ಪೇಯ, ಒಪ್ಕತೀನಿ. ಆದ್ರೆ ಇಷ್ಟ್ ಜನದ ಮುಂದೆ ನನ್ ಚೀಲ ಬಿಚ್ಚಿಸ್ಬುಟ್ಟಲ್ಲ ನೀನು.”

ಅಪ್ಪ ಮದುವೆಗೆಂದು ಹಾಕಿದ್ದ ಬಿಳಿ ಅಂಗಿಯನ್ನು ಬಿಚ್ಚಿ ಜಗಲಿಯ ಕಂಬಕ್ಕೆ ಸಿಕ್ಕಿಸಿ ಸನಿಕೆ ತೆಗೆದುಕೊಂಡರು. ಇಬ್ಬರೂ ಸೇರಿ ಗುಂಡಿ ಮುಚ್ಚಿದರು. ಗಾರೆ ಕೆಳಕ್ಕೆ, ಕಪ್ಪು ಮಣ್ಣು ಮೇಲಕ್ಕೆ. ಕಾಲಿನಿಂದ ತುಳಿದು ಮಟ್ಟಮಾಡಿದರು. ಅವ್ವ ಮದುವೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರು ಸೇದಿದಳು, ನಾನು ಚೊಂಬಿನಲ್ಲಿ ಹೊತ್ತು ಸುರಿದೆ. ನೋಡಲು ಇನ್ನೇನೂ ಉಳಿಯದೆ ಜನ ಕರಗಿದರು. ಹೆಂಟೆಗಳನ್ನು ಚಿಕ್ಕಪ್ಪ ಒಂದು ತುದಿಯಿಂದ, ಅಪ್ಪ ಇನ್ನೊಂದು ತುದಿಯಿಂದ ಕೂರಿಸುತ್ತ ಬಂದರು. ನಡುವೆ ಎದುರುಬದುರಾದಾಗಲೂ ಮಾತಿಲ್ಲ. ಅವ್ವ ಊಟಕ್ಕೆ ಎಬ್ಬಿಸಿದಳು. ಚಿಕ್ಕಪ್ಪ ಬಾವಿಯ ಬಳಿ ಕೈಕಾಲು ತೊಳೆದು, “ಒತ್ತಾಯ್ತದೆ ಅತ್ಗೆ, ಬಸ್ಸು ಓಯ್ತದೆ,” ಎಂದ. ಬಸ್ಸು ಆಗದ ಅಜ್ಜಿಯೂ ತನ್ನ ಸೀರೆಗಳ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನ ಹಿಂದೆ ಹೊರಟಳು. ಅಪ್ಪ ತಡೆಯಲಿಲ್ಲ. ಗೇಟಿನವರೆಗೂ ಹೋಗಲಿಲ್ಲ.

ಹುಲ್ಲು ಹಿಡಿಯಿತು. ಮುಂದಿನ ಮುಂಗಾರಿಗೆ ಎಲ್ಲಿ ಅಗೆದದ್ದು ಎಂದು ಯಾರೂ ಗುರುತಿಸುವ ಹಾಗಿರಲಿಲ್ಲ. ಅಣ್ಣತಮ್ಮ ಮಾತ್ರ ಮಾತು ಬಿಟ್ಟವರು ಹಾಗೇ ಉಳಿದರು. ಮೇಷ್ಟ್ರು ಮೊದಲೇ ಬೇರೆ ಕಡೆ ಸಾಗಿಸಿದ್ದಾರೆ ಎಂದು ಊರು ತನ್ನ ಕಥೆಯನ್ನು ತಿದ್ದಿಕೊಂಡಿತು. ಅಜ್ಜಿ ಅರಕೆರೆಯಲ್ಲೇ ತೀರಿಕೊಂಡಳು. ಮಣ್ಣಿಗೆ ಹೋದಾಗ ಅಪ್ಪ ಒಂದು ಕಡೆ, ಚಿಕ್ಕಪ್ಪ ಇನ್ನೊಂದು ಕಡೆ ನಿಂತು ಹಿಡಿಮಣ್ಣು ಹಾಕಿದರು. ಅವ್ವ ಆ ಓಲೆಯನ್ನು ನನ್ನ ಮದುವೆಯಲ್ಲಿ ನನಗೆ ಹಾಕಿದಳು. ಅಪ್ಪ ನಿವೃತ್ತರಾದರು, ಸೋರುವ ಮಾಡು ಸೋರುತ್ತಲೇ ಇತ್ತು, ನನಗೆ ಪಾಂಡವಪುರದ ಕೋರ್ಟಿನಲ್ಲಿ ಕೆಲಸ ಸಿಕ್ಕ ಮೇಲೆ ನಾನೇ ಅದನ್ನು ಸರಿಮಾಡಿಸಿದೆ. ಆ ಮನೆಯಲ್ಲಿ ಬೂದಿಸುಣ್ಣದ ಗಡಿಗೆಯ ಹೊರತು ಏನೂ ಸಿಕ್ಕಿರಲಿಲ್ಲ ಎಂಬುದಕ್ಕೆ ನನಗೆ ಆ ಮಾಡಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಕೋರ್ಟಿನಲ್ಲಿ ಅಣ್ಣತಮ್ಮಂದಿರ ವ್ಯಾಜ್ಯ ಬಂದಾಗಲೆಲ್ಲ ಇಬ್ಬರ ಮಾತನ್ನೂ ಬರೆದುಕೊಳ್ಳುತ್ತ ಇಬ್ಬರನ್ನೂ ನಂಬದೆ ಕೂತಿರುತ್ತಿದ್ದೆ. ಈಗಲೂ ಕೆಲಸದವಳು ಮುಚ್ಚಿದ ಪಾತ್ರೆ ಹಿಡಿದು ಹೊರಟರೆ ನನ್ನ ಕಣ್ಣು ಮೊದಲು ಪಾತ್ರೆಗೆ ಹೋಗುತ್ತದೆ, ಆಮೇಲೆ ಅವಳ ಮುಖಕ್ಕೆ. ನಾಚಿಕೆಯಾಗುತ್ತದೆ. ಆದರೂ ಹೋಗುತ್ತದೆ.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಆ ಹುಲ್ಲನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಬಾವಿ ಬತ್ತಿದೆ, ಬೋರಿನ ನೀರು, ಉದ್ದದ ಪೈಪು. ಮಳೆಗಾಲಕ್ಕೆ ಮುಂಚೆ ಗೊಬ್ಬರ ಹರಡಿಸುತ್ತೇನೆ, ಮಾಗಿಯಲ್ಲಿ ಕತ್ತರಿಸುವುದನ್ನು ನಿಲ್ಲಿಸುತ್ತೇನೆ, ಬೇಸಿಗೆಯಲ್ಲಿ ಬೆಳಗ್ಗೆಯೇ ನೀರು ಹಾಯಿಸುತ್ತೇನೆ. ಹೋದ ಶ್ರಾವಣದಲ್ಲಿ ಒಂದು ಆಟೊ ಬಂದು ಗೇಟಿನಲ್ಲಿ ನಿಂತಿತು. ಕೋಲೂರಿಕೊಂಡು ಇಳಿದವನು ಚಿಕ್ಕಪ್ಪ. ಎತ್ತರದ ಮೈ ಬಾಗಿತ್ತು. ನಾನು ಒಳಗೆ ಕರೆದೆ. ಅವನು ಒಳಗೆ ಬರದೆ, ಚಪ್ಪಲಿ ಕಳಚಿ ಹುಲ್ಲಿನ ಅಂಚಿನಲ್ಲಿ ನಿಂತ.

“ನಿನ್ನ ಒಂದ್ ಮಾತ ಕೇಳಾನ ಅಂತ ಬಂದೆ ಮಗ. ನಿಮ್ಮಪ್ಪನ್ನ ಕೇಳಾಕೆ ಬಾಯ್ ಬರ್ನಿಲ್ಲ. ನಿಜ ಏಳು. ಏನೂ ಇರ್ನಿಲ್ವಾ?”

“ಏನೂ ಇರಲಿಲ್ಲ ಚಿಕ್ಕಪ್ಪ.”

ಅವನು ನನ್ನನ್ನೇ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ತಲೆಯಾಡಿಸಿದ.

“ಏನಾರಾ ಇದ್ದಿದ್ರೆ ಚೆಂದಾಗಿತ್ತು ಕಣವ್ವ. ಅದುಕ್ಕಾಗಿ ಕಿತ್ತಾಡಿದ್ವಿ ಅಂತಾದ್ರೂ ಅಂದ್ಕಬೋದಿತ್ತು.”

ನಾನು ಜಗಲಿಯಿಂದ ಕುರ್ಚಿ ತರಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಕೋಲನ್ನು ಪಕ್ಕಕ್ಕಿಟ್ಟು, ಕಷ್ಟಪಟ್ಟು ಮಂಡಿ ಮಡಚಿ, ಒದ್ದೆ ಹುಲ್ಲಿನ ಮೇಲೆಯೇ ಕೂತುಬಿಟ್ಟಿದ್ದ. ಕುರ್ಚಿಯನ್ನು ಅಲ್ಲೇ ಬಿಟ್ಟು ನಾನೂ ಹೋಗಿ ಅವನ ಪಕ್ಕದಲ್ಲಿ ಕೂತೆ.